ದ್ವೀಪದ ಕಳೆ: ಕೀಳಬೇಕಾ, ಕಡಿಯಬೇಕಾ, ಔಷಧಿ ಹಾಕಬೇಕಾ, ಹುಳು ಬಿಡಬೇಕಾ?

ಪೆಸಿಫಿಕ್ ಸಾಗರದ ಗಲಪಾಗೋಸ್ ದ್ವೀಪಗಳ ಕಾಡಿಗೆ ಇವತ್ತು ದೊಡ್ಡ ತಲೆನೋವಾಗಿರುವ ಕಳೆಗಳಲ್ಲಿ ಒಂದು ಮುಳ್ಳಿನ ಹಣ್ಣುಪೊದೆ. ಅದರ ಹೆಸರು ಮೈಸೂರು ರಾಸ್ಪ್‌ಬೆರಿ. ಅಲ್ಲಿಂದ ಸಾವಿರಾರು ಕಿಲೋಮೀಟರ್ ಪಶ್ಚಿಮಕ್ಕೆ ಹೋದರೆ ನ್ಯೂಜಿಲೆಂಡಿಗೆ ಸೇರಿದ ರೌಲ್ ದ್ವೀಪ ಸಿಗುತ್ತದೆ. ಅಲ್ಲಿ ಕಳೆ ತೆಗೆಯುವವರ ಕೈಕಾಲು ಗೀರುವ ಗಿಡದ ಹೆಸರು ಮೈಸೂರು ಮುಳ್ಳು. ಓದಿದರೆ ನಗು ಬರುತ್ತದೆ, ಅಲ್ವಾ? ಎರಡೂ ಏಷ್ಯಾದ ಗಿಡಗಳು. ತವರಿನಲ್ಲಿ ಇವನ್ನು ತಿನ್ನುವ ಹುಳ ಇದೆ, ಒಣಗಿಸುವ ರೋಗ ಇದೆ, ಹಾಗಾಗಿ ಹದ್ದುಬಸ್ತಿನಲ್ಲಿರುತ್ತವೆ. ದ್ವೀಪಕ್ಕೆ ಹೋಗುವಾಗ ಗಿಡ ಮಾತ್ರ ಹಡಗು ಹತ್ತಿತು. ಹುಳವೂ ರೋಗವೂ ಹಿಂದೆಯೇ ಉಳಿದವು.

ದ್ವೀಪದ ಗಿಡಗಳ ಕಷ್ಟ ಬೇರೆ ಥರದ್ದು. ಲಕ್ಷಾಂತರ ವರ್ಷ ಅವು ತಮ್ಮಷ್ಟಕ್ಕೆ ಬೆಳೆದವು. ಗಟ್ಟಿ ಪೈಪೋಟಿ ಕಂಡವಲ್ಲ. ಎಷ್ಟೋ ಜಾತಿಗಳಿಗೆ ಇರುವುದೇ ಒಂದು ಗುಡ್ಡ. ಆ ಗುಡ್ಡವನ್ನು ಹೊರಗಿನ ಪೊದೆ ಮುಚ್ಚಿದರೆ ಅವುಗಳಿಗೆ ಹೋಗಲು ಬೇರೆ ಜಾಗ ಇಲ್ಲ. ಹಾಗಾಗಿ ಕಳೆ ತೆಗೆಯಲೇಬೇಕು. ಹೇಗೆ ತೆಗೆಯಬೇಕು ಎಂಬಲ್ಲಿ ಗೊಂದಲ ಶುರುವಾಗುತ್ತದೆ. ಕೈಯಲ್ಲಿ ಕೀಳುವುದೇ ಶುದ್ಧ ದಾರಿ ಎನ್ನುವವರಿದ್ದಾರೆ. ಕಳೆ ಸಾಯಿಸುವ ಔಷಧಿ ಇಲ್ಲದೆ ಏನೂ ಆಗದು ಎನ್ನುವವರಿದ್ದಾರೆ. ಕೀಟ ತಂದು ಬಿಟ್ಟರೆ ಅದೇ ತಿಂದು ಮುಗಿಸುತ್ತದೆ ಎನ್ನುವವರೂ ಇದ್ದಾರೆ. ಮೂವರೂ ಒಂದೊಂದು ಜಾಗದಲ್ಲಿ ಸರಿ, ಒಂದೊಂದು ಜಾಗದಲ್ಲಿ ತಪ್ಪು.

ನನ್ನ ಲೆಕ್ಕ ಸರಳ. ಯಾವ ದಾರಿ ಗಿಡವನ್ನು ಬೇಗ ಸಾಯಿಸುತ್ತದೆ ಎಂದು ನೋಡಬೇಡಿ. ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಲು ನಿಮ್ಮಿಂದ ಯಾವ ದಾರಿಯಲ್ಲಿ ಸಾಧ್ಯ ಎಂದು ನೋಡಿ. ಮೊದಲ ಸಲ ಕಡಿಯಲು ಜನ ಸಿಗುತ್ತಾರೆ, ದುಡ್ಡೂ ಸಿಗುತ್ತದೆ. ಐದನೇ ವರ್ಷ ಅದೇ ಇಳಿಜಾರಿನಲ್ಲಿ ಗೇಣುದ್ದದ ಸಸಿ ಹುಡುಕಲು ಯಾರೂ ಬರುವುದಿಲ್ಲ. ಹೆಚ್ಚಿನ ಕೆಲಸಗಳು ಹಳ್ಳ ಹಿಡಿಯುವುದು ಅಲ್ಲೇ.

ಮೊದಲು ಎರಡು ಪ್ರಶ್ನೆ

ಒಂದನೆಯದು: ಪೂರ್ತಿ ನಿರ್ನಾಮ ಮಾಡುತ್ತೀರಾ, ಹರಡದಂತೆ ತಡೆಯುತ್ತೀರಾ, ಅಥವಾ ಒಳ್ಳೆಯ ಕಾಡಿನ ಒಂದು ತುಂಡನ್ನು ಮಾತ್ರ ಕಾಯುತ್ತೀರಾ?

ನಿರ್ನಾಮ ಎಂಬ ಮಾತು ಕೇಳಲು ಚೆನ್ನಾಗಿದೆ. ಗಲಪಾಗೋಸ್‌ನಲ್ಲಿ ಅಂಥ 30 ಯೋಜನೆಗಳನ್ನು ಕೈಗೆತ್ತಿಕೊಂಡರು. ಗೆದ್ದದ್ದು 4. ಆ ನಾಲ್ಕರಲ್ಲೂ ಕಳೆ ಹರಡಿದ್ದ ಜಾಗ ಒಂದು ಹೆಕ್ಟೇರಿಗಿಂತ, ಅಂದರೆ ಎರಡೂವರೆ ಎಕರೆಗಿಂತ ಕಡಿಮೆ. ಉಳಿದವು ಸೋತದ್ದಕ್ಕೆ ಗಿಡ ಮಾತ್ರ ಕಾರಣ ಅಲ್ಲ. ಜಮೀನಿನ ಮಾಲೀಕರು ಒಪ್ಪಲಿಲ್ಲ, ದುಡ್ಡು ನಡುವೆ ನಿಂತಿತು, ಕಳೆ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಹರಡಿತ್ತು. ರೌಲ್ ದ್ವೀಪದಲ್ಲಿ ಕಳೆ ತೆಗೆಯುವ ಕೆಲಸ 1972ರಲ್ಲಿ ಶುರುವಾಯಿತು. ದ್ವೀಪ ಇರುವುದೇ ಸುಮಾರು 29 ಚದರ ಕಿಲೋಮೀಟರ್. ಕೆಲವು ಜಾತಿಗಳನ್ನು ಪೂರ್ತಿ ತೆಗೆದರು, ನಿಜ. ಆದರೆ ಅರ್ಧ ಶತಮಾನ ದಾಟಿದರೂ ಒಟ್ಟು ಕೆಲಸ ಮುಗಿದಿಲ್ಲ.

ಹಾಗಂತ ಆಗುವುದೇ ಇಲ್ಲ ಎಂದಲ್ಲ. ಹವಾಯಿ ಸಾಲಿನ ವಾಯವ್ಯ ಭಾಗದಲ್ಲಿರುವ ಲೇಸನ್ ಎಂಬ ಪುಟ್ಟ ದ್ವೀಪದಲ್ಲಿ ಒಂದು ಮುಳ್ಳುಹುಲ್ಲು ಅಲ್ಲಿನ ಸ್ವಂತ ಹುಲ್ಲನ್ನು ನುಂಗುತ್ತಿತ್ತು. ಆ ಸ್ವಂತ ಹುಲ್ಲಿನಲ್ಲೇ ಲೇಸನ್ ಫಿಂಚ್ ಹಕ್ಕಿ ಗೂಡು ಕಟ್ಟುವುದು. 1991ರಿಂದ ಸುಮಾರು ಹತ್ತು ವರ್ಷ ಜನ ಅಲ್ಲೇ ಬಿಡಾರ ಹೂಡಿ, ಬಿಡದೆ ಹುಡುಕಿ ಹುಡುಕಿ ಅದನ್ನು ತೆಗೆದರು. ಗಮನಿಸಿ: ನಾಲ್ಕು ಚದರ ಕಿಲೋಮೀಟರಿನ ದ್ವೀಪ, ಒಂದೇ ಜಾತಿ, ಹತ್ತು ವರ್ಷ.

ಎರಡನೆಯ ಪ್ರಶ್ನೆ: ಬೀಜ ಮಣ್ಣಿನಲ್ಲಿ ಎಷ್ಟು ಕಾಲ ಬದುಕುತ್ತದೆ? ಇದನ್ನು ತಿಳಿಯದೆ ಮಚ್ಚು ಎತ್ತಬೇಡಿ. ಮೈಸೂರು ಮುಳ್ಳಿನ ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ, ಮಣ್ಣಿನೊಳಗೆ ವರ್ಷಗಟ್ಟಲೆ ಕಾಯುತ್ತದೆ. ಪೆಸಿಫಿಕ್‌ನ ಟಹೀಟಿ ದ್ವೀಪವನ್ನು ನುಂಗಿದ ಮೈಕೋನಿಯ ಮರದ್ದು ಸಾಸಿವೆಗಿಂತ ಚಿಕ್ಕ ಬೀಜ, ಹತ್ತು ವರ್ಷ ದಾಟಿದರೂ ಮೊಳೆಯುತ್ತದೆ. ಇದಕ್ಕೆ ತದ್ವಿರುದ್ಧ ಸ್ಟ್ರಾಬೆರಿ ಸೀಬೆ. ಹವಾಯಿ, ಮಾರಿಷಸ್ ಕಾಡುಗಳಿಗೆ ಇದು ಶನಿ ಹಿಡಿದ ಹಾಗೆ ಹಿಡಿದಿದೆ. ಆದರೆ ಅದರ ಬೀಜ ಕೆಲವೇ ತಿಂಗಳಲ್ಲಿ ಮೊಳೆಯಬೇಕು, ಇಲ್ಲದಿದ್ದರೆ ಸಾಯುತ್ತದೆ. ಅದರ ಬುಡ ಮಾತ್ರ ಚಿರಂಜೀವಿ. ಎಷ್ಟು ಕಡಿದರೂ ಚಿಗುರುತ್ತದೆ, ಕಡಿದು ಹಸಿ ನೆಲದ ಮೇಲೆ ಎಸೆದ ಕೊಂಬೆಯೂ ಬೇರು ಬಿಡುತ್ತದೆ. ಹಾಗಾಗಿ ಮೈಕೋನಿಯಕ್ಕೆ ಬೇಕಾದದ್ದು ಹತ್ತಾರು ವರ್ಷದ ತಾಳ್ಮೆ. ಸೀಬೆಗೆ ಬೇಕಾದದ್ದು ಮೊದಲ ಸಲವೇ ಬುಡಕ್ಕೆ ಸರಿಯಾದ ಚಿಕಿತ್ಸೆ.

ಕೈಯಲ್ಲಿ ಕೀಳುವುದು

ಸಸಿ ಚಿಕ್ಕದಿದ್ದರೆ ಇದಕ್ಕೆ ಸಾಟಿಯಿಲ್ಲ. ಮಳೆ ಬಿದ್ದ ಮರುದಿನ ಮಣ್ಣು ಸಡಿಲ ಇರುವಾಗ ಹೆಬ್ಬೆರಳು ಗಾತ್ರದವರೆಗಿನ ಗಿಡ ಬೇರು ಸಮೇತ ಬರುತ್ತದೆ. ಪಕ್ಕದ ಅಪರೂಪದ ಗಿಡಕ್ಕೆ ಏನೂ ಆಗುವುದಿಲ್ಲ. ಕಿತ್ತ ಗಿಡವನ್ನು ನೆಲಕ್ಕೆ ಎಸೆಯಬೇಡಿ, ಬೇರು ಮೇಲಾಗಿ ಪಕ್ಕದ ಕೊಂಬೆಗೆ ತೂಗುಹಾಕಿ. ಹಸಿ ಕಾಡಿನಲ್ಲಿ ನೆಲಕ್ಕೆ ಬಿದ್ದದ್ದು ಮತ್ತೆ ಬೇರೂರುತ್ತದೆ.

ಎರಡು ಎಚ್ಚರಿಕೆ. ದೊಡ್ಡ ಬುಡ ಎಳೆದರೆ ಮಣ್ಣು ಕದಡುತ್ತದೆ. ಕದಡಿದ ಮಣ್ಣೇ ಕಳೆ ಬೀಜಕ್ಕೆ ಹಾಸಿಗೆ. ಇನ್ನೊಂದು, ಗುರುತು ಗೊತ್ತಿಲ್ಲದವರ ಕೈಗೆ ಕೆಲಸ ಕೊಟ್ಟರೆ ಕಾಪಾಡಬೇಕಾದ ಸಸಿಯೇ ಮೊದಲು ಹೋಗುತ್ತದೆ. ಎಷ್ಟೋ ಗಿಡಗಳ ಎಳೆ ಎಲೆ ಒಂದು ಥರ, ಬಲಿತ ಎಲೆ ಇನ್ನೊಂದು ಥರ. ಹಾಗಾಗಿ ಮೊದಲ ದಿನ ಕೆಲಸ ಬೇಡ, ಗುರುತು ಹಿಡಿಯುವುದನ್ನು ಕಲಿಸಿ ಸಾಕು.

ಬರೀ ಕಡಿಯುವುದು

ಇದು ನನಗೆ ಅತಿ ಕಡಿಮೆ ಇಷ್ಟದ ದಾರಿ. ಎಲ್ಲರೂ ಮೊದಲು ಆರಿಸಿಕೊಳ್ಳುವುದೂ ಇದನ್ನೇ. ಕಡಿದ ದಿನ ಜಾಗ ಲಕಲಕ ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಆರು ತಿಂಗಳು ಬಿಟ್ಟು ಹೋಗಿ ನೋಡಿದರೆ ಒಂದು ಕಾಂಡ ಇದ್ದಲ್ಲಿ ಎಂಟು. ತೊಗಟೆಯನ್ನು ಬಳೆಯಂತೆ ಸುತ್ತ ಸುಲಿಯುವುದೂ ಹಾಗೆಯೇ. ಬುಡದಿಂದ ಚಿಗುರುವ ಜಾತಿಯಾದರೆ ಅದು ಮರಕ್ಕೆ ತಮಾಷೆ.

ಕೆಲವು ಕಡೆ ಕಡಿತವೇ ಸಾಕು. ಹೆಚ್ಚಿನ ಪೈನ್ ಮರಗಳು ಬುಡದಿಂದ ಚಿಗುರುವುದಿಲ್ಲ. ಕೆಳಗಿನ ಹಸಿರು ಕೊಂಬೆಗಿಂತ ಕೆಳಗೆ ಕಡಿದರೆ ಕಥೆ ಮುಗಿಯಿತು. ಲಂಟಾನಕ್ಕೂ ಒಂದು ಉಪಾಯ ಇದೆ. ನೆಲದ ಮೇಲೆ ಕಡಿಯದೆ, ಕಾಂಡವೂ ಬೇರೂ ಸೇರುವ ಗಂಟಿನ ಕೆಳಗೆ, ಮಣ್ಣಿನೊಳಗೆ ಮೂರರಿಂದ ಐದು ಸೆಂಟಿಮೀಟರ್ ಆಳದಲ್ಲಿ ಗುದ್ದಲಿಯಿಂದ ಬೇರು ತುಂಡರಿಸಬೇಕು. ಆಮೇಲೆ ಇಡೀ ಪೊದೆಯನ್ನು ತಲೆಕೆಳಗು ಮಾಡಿ ಒಣಗಲು ಬಿಡಬೇಕು. ಚಿಗುರು ಬರುವುದು ಆ ಗಂಟಿನಿಂದ. ಗಂಟು ಹೋದರೆ ಗಿಡ ಹೋಯಿತು.

ಕಡಿದು ಔಷಧಿ ಹಾಕುವುದು

ಔಷಧಿ ಎಂದರೆ ಬೆನ್ನಿಗೆ ಪಂಪ್ ಕಟ್ಟಿಕೊಂಡು ಎಲ್ಲೆಡೆ ಸಿಂಪಡಿಸುವ ಚಿತ್ರ ಕಣ್ಣಿಗೆ ಬರುತ್ತದೆ. ದ್ವೀಪದ ಕಾಡಿನಲ್ಲಿ ಅದು ಕೊನೆಯ ಆಯ್ಕೆ. ಗಾಳಿಗೆ ಹನಿ ತೇಲಿ ಪಕ್ಕದ ಗಿಡಕ್ಕೆ ಕೂರುತ್ತದೆ. ಒಳಗೆ ಒಂದೂ ಸ್ಥಳೀಯ ಗಿಡ ಉಳಿಯದ, ಬರೀ ಕಳೆಯೇ ತುಂಬಿದ ಪೊದೆಗೆ ಮಾತ್ರ ಸಿಂಪಡಣೆ ಸರಿ. ಉಳಿದ ಕಡೆ ಔಷಧಿ ಗಿಡದ ಒಳಗೆ ಹೋಗಬೇಕು, ಹೊರಗೆ ಬೀಳಬಾರದು. ಅದಕ್ಕೆ ಮೂರು ದಾರಿ ಇವೆ.

ಮೋಟಿಗೆ ಹಚ್ಚುವುದು ಮೊದಲನೆಯದು. ಮರವನ್ನು ನೆಲಕ್ಕೆ ಹತ್ತಿರ, ಸಮತಟ್ಟಾಗಿ ಕಡಿಯಬೇಕು. ಮರದ ಹೊಟ್ಟು ಒರೆಸಿ, ತಕ್ಷಣ ಬ್ರಷ್‌ನಿಂದ ಔಷಧಿ ಹಚ್ಚಬೇಕು. ತಕ್ಷಣ ಅಂದರೆ ಕೆಲವೇ ನಿಮಿಷ. ಗ್ಲೈಫೊಸೇಟ್‌ನಂಥ ನೀರಿನಲ್ಲಿ ಕಲಸುವ ಔಷಧಿಯಾದರೆ ಹದಿನೈದು ನಿಮಿಷ ತಡವಾದರೂ ಗಾಯ ಮುಚ್ಚಿಕೊಳ್ಳಲು ಶುರುವಾಗಿರುತ್ತದೆ. ಚಹಾ ಕುಡಿದು ಬಂದು ಹಚ್ಚಿದರೆ ಔಷಧಿಯೂ ದಂಡ, ಕಡಿದದ್ದೂ ದಂಡ. ದೊಡ್ಡ ಮೋಟಿನ ನಡುಭಾಗಕ್ಕೆ ಹಚ್ಚಬೇಕಾಗಿಲ್ಲ. ಅದು ಸತ್ತ ಮರ. ತೊಗಟೆಯ ಒಳಗಿನ ಅಂಚಿಗೆ ಹಚ್ಚಿದರೆ ಸಾಕು. ಕಡಿಯುವವರೊಬ್ಬರು, ಹಚ್ಚುವವರೊಬ್ಬರು ಜೋಡಿಯಾಗಿ ಹೋಗಬೇಕು.

ಎರಡನೆಯದು ಮರವನ್ನು ನಿಂತಲ್ಲೇ ಸಾಯಿಸುವುದು. ಕಾಂಡದ ಸುತ್ತ ಮಚ್ಚಿನಿಂದ ಕೆಳಮುಖವಾಗಿ ಕಚ್ಚು ಹಾಕಿ, ಪ್ರತಿ ಕಚ್ಚಿಗೂ ಸ್ವಲ್ಪ ಔಷಧಿ ಬಿಡುತ್ತಾರೆ. ಇಲ್ಲದಿದ್ದರೆ ಡ್ರಿಲ್‌ನಿಂದ ತೂತು ಕೊರೆದು ತುಂಬುತ್ತಾರೆ. ಗಲಪಾಗೋಸ್‌ನ ಸಾಂತಾ ಕ್ರೂಸ್ ದ್ವೀಪದಲ್ಲಿ ಕೆಂಪು ಸಿಂಕೋನ ಮರಕ್ಕೆ ಕೆಲಸ ಮಾಡಿದ್ದು ಇದೇ. ಕ್ವಿನೈನ್ ಕೊಡುವ ಮರ ಅದು. 1940ರ ದಶಕದಲ್ಲಿ ಬೆಳೆಯೆಂದು ತಂದರು, ಮರಗಳೇ ಇಲ್ಲದ ಎತ್ತರದ ಬಯಲನ್ನೆಲ್ಲ ಹಿಡಿಯಿತು. ಬರೀ ಕಡಿದರೆ ಚಿಗುರುತ್ತಿತ್ತು. ಕಚ್ಚು ಹಾಕಿ ಪಿಕ್ಲೋರಾಮ್ ಮತ್ತು ಮೆಟ್‌ಸಲ್ಫ್ಯೂರಾನ್ ಎಂಬ ಎರಡು ಕಳೆನಾಶಕಗಳ ಬೆರಕೆ ಬಿಟ್ಟಾಗ ಸತ್ತಿತು.

ನಿಂತೇ ಸಾಯುವ ಮರದಿಂದ ಒಂದು ಲಾಭ ಇದೆ, ಇದನ್ನು ಬಹಳ ಜನ ಮರೆಯುತ್ತಾರೆ. ಮರ ಒಮ್ಮೆಲೇ ಬಿದ್ದರೆ ಕೆಳಗಿನ ಸಸಿಗಳು ಜಜ್ಜಿಹೋಗುತ್ತವೆ. ಬಿಸಿಲು ಒಮ್ಮೆಲೇ ನೆಲಕ್ಕೆ ಬಿದ್ದು ಮಲಗಿದ್ದ ಕಳೆ ಬೀಜಗಳೆಲ್ಲ ಏಳುತ್ತವೆ. ನಿಂತು ಸಾಯುವ ಮರ ಎಲೆಯನ್ನು ನಿಧಾನಕ್ಕೆ ಉದುರಿಸುತ್ತದೆ. ಬೆಳಕೂ ನಿಧಾನಕ್ಕೆ ಬರುತ್ತದೆ, ಸ್ಥಳೀಯ ಸಸಿಗಳಿಗೆ ಸುಧಾರಿಸಿಕೊಳ್ಳಲು ಪುರುಸೊತ್ತು ಸಿಗುತ್ತದೆ. ಆದರೆ ಕಾಲುದಾರಿ, ಮನೆ, ಹಕ್ಕಿಗೂಡು ಇರುವ ಕಡೆ ಇದು ಬೇಡ. ಒಣಗಿದ ಮರ ಯಾವಾಗ ಬೀಳುತ್ತದೆ ಎಂದು ಹೇಳಿ ಬೀಳುವುದಿಲ್ಲ.

ಮೂರನೆಯದು ತೊಗಟೆಗೆ ಹಚ್ಚುವುದು. ಎಣ್ಣೆಯಲ್ಲಿ ಕಲಸಿದ ಟ್ರೈಕ್ಲೋಪಿರ್ ಔಷಧಿಯನ್ನು ಬುಡದ ಒಂದಡಿ ಎತ್ತರದವರೆಗೆ ಸುತ್ತಲೂ ಬಳಿಯುತ್ತಾರೆ. ಕಡಿಯುವ ಕೆಲಸವೇ ಇಲ್ಲ, ಹಾಗಾಗಿ ಕಡಿದಾದ ಜಾಗಕ್ಕೆ ಒಳ್ಳೆಯದು. ತೆಳು ತೊಗಟೆಯ ಎಳೆ ಮರಕ್ಕೆ ನಡೆಯುತ್ತದೆ. ದಪ್ಪ ತೊಗಟೆಗೆ ನಡೆಯದು. ಒದ್ದೆ ಕಾಂಡಕ್ಕೂ ನಡೆಯದು.

ಔಷಧಿ ಆರಿಸುವಾಗ ಸಾಯಿಸುವ ಶಕ್ತಿ ಒಂದನ್ನೇ ನೋಡಬೇಡಿ. ಪಿಕ್ಲೋರಾಮ್ ಗಟ್ಟಿ ಔಷಧಿ, ಒಪ್ಪುತ್ತೇನೆ. ಆದರೆ ಅದು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮಳೆನೀರಿನೊಂದಿಗೆ ಹರಿಯುತ್ತದೆ, ಪಕ್ಕದ ಗಿಡದ ಬೇರಿಗೂ ಹೋಗುತ್ತದೆ. ಅಪರೂಪದ ಗಿಡದ ಬುಡದಲ್ಲೇ ಕಳೆ ಇದ್ದರೆ ಅದನ್ನು ಮುಟ್ಟದಿರುವುದೇ ಮೇಲು. ಗ್ಲೈಫೊಸೇಟ್ ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಹರಿಯುವುದು ಕಡಿಮೆ. ಆದರೆ ಅದರೊಂದಿಗೆ ಬೆರೆಸುವ ಕೆಲವು ಅಂಟು ಪದಾರ್ಥಗಳು ಕಪ್ಪೆಗಳಿಗೆ ವಿಷ. ತೊರೆಯ ಪಕ್ಕ ಕೆಲಸ ಇದ್ದರೆ ನೀರಿನ ಬಳಿ ಬಳಸಲು ಒಪ್ಪಿಗೆ ಇರುವ ಬಗೆಯನ್ನೇ ಕೊಳ್ಳಿ. ಆ ಔಷಧಿಗೆ ಆ ದ್ವೀಪದಲ್ಲಿ ಪರವಾನಗಿ ಇದೆಯಾ ಎಂದು ಮೊದಲೇ ಕೇಳಿ. ಪ್ರಮಾಣವನ್ನು ಡಬ್ಬಿಯ ಚೀಟಿ ನೋಡಿ ಹಾಕಬೇಕು, ಪಕ್ಕದವರ ಮಾತು ಕೇಳಿ ಅಲ್ಲ.

ಕಾಲಿಡಲಾಗದ ಕಣಿವೆಗಳಿಗೆ ಹವಾಯಿಯಲ್ಲಿ ಒಂದು ವಿಚಿತ್ರ ಉಪಾಯ ಮಾಡಿದರು. ಪೇಂಟ್‌ಬಾಲ್ ಆಟದ ಬಂದೂಕಿನಲ್ಲಿ ಬಣ್ಣದ ಬದಲು ಕಳೆನಾಶಕದ ಗುಂಡು ತುಂಬಿ, ಹೆಲಿಕಾಪ್ಟರ್‌ನಿಂದ ಒಂದೊಂದೇ ಮೈಕೋನಿಯ ಮರಕ್ಕೆ ಗುರಿಯಿಟ್ಟು ಹೊಡೆಯುತ್ತಾರೆ. ದುಬಾರಿ ಬಾಬತ್ತು. ಆದರೂ ದೂರದಲ್ಲಿ ಒಂಟಿಯಾಗಿ ನಿಂತ ಒಂದು ಮರ ಹಣ್ಣಾಗುವ ಮೊದಲೇ ಸತ್ತರೆ ಮುಂದಿನ ಇಪ್ಪತ್ತು ವರ್ಷದ ಖರ್ಚು ಉಳಿಯಿತು.

ಹುಳು, ಬೂಷ್ಟು ಬಿಡುವುದು

1902ರಲ್ಲಿ ಲಂಟಾನ ತಿನ್ನಲೆಂದು ಮೆಕ್ಸಿಕೋದಿಂದ ಹವಾಯಿಗೆ ಕೀಟಗಳನ್ನು ತರಿಸಿದರು. ಕಳೆಯ ಮೇಲೆ ಬೇಕೆಂದೇ ಕೀಟ ಬಿಡುವ ಪದ್ಧತಿ ಬೆಳೆದದ್ದು ಅಲ್ಲಿಂದ. ಗೆದ್ದ ಕಥೆಗಳಿವೆ. ಮಾರಿಷಸ್‌ನಲ್ಲಿ ಕಾರ್ಡಿಯ ಎಂಬ ಪೊದೆ ಹೊಲ, ಕಾಡು ಎರಡನ್ನೂ ಮುಚ್ಚುತ್ತಿತ್ತು. 1940ರ ದಶಕದ ಕೊನೆಯಲ್ಲಿ ಎಲೆ ತಿನ್ನುವ ಒಂದು ಜೀರುಂಡೆ, ಬೀಜ ಕೊರೆಯುವ ಒಂದು ಪುಟ್ಟ ಕಣಜ ಬಿಟ್ಟರು. ಕೆಲವೇ ವರ್ಷಗಳಲ್ಲಿ ಪೊದೆ ಸೋತಿತು.

ಟಹೀಟಿಯ ಕಥೆ ಅಷ್ಟು ಪೂರ್ತಿ ಅಲ್ಲ, ಆದರೆ ಹೆಚ್ಚು ಕಲಿಸುತ್ತದೆ. 1937ರಲ್ಲಿ ಚಂದದ ದೊಡ್ಡ ಎಲೆಗೆಂದು ತಂದ ಮೈಕೋನಿಯ ದ್ವೀಪದ ಮೂರನೇ ಎರಡು ಭಾಗಕ್ಕೂ ಜಾಸ್ತಿ ಹರಡಿತು. ಅಲ್ಲಿನವರು ಅದನ್ನು ಹಸಿರು ಕ್ಯಾನ್ಸರ್ ಎನ್ನುತ್ತಾರೆ. 2000ದಲ್ಲಿ ಎಲೆಗೆ ರೋಗ ತರುವ ಒಂದು ಬೂಷ್ಟನ್ನು ಬಿಟ್ಟರು. ಮರಗಳು ಸಾಯಲಿಲ್ಲ. ಎಲೆ ತೂತಾಯಿತು, ಅಷ್ಟೇ. ಆ ತೂತುಗಳಿಂದ ಕೆಳಗೆ ಬಿದ್ದ ಬೆಳಕಿನಲ್ಲಿ ಸ್ಥಳೀಯ ಸಸಿಗಳು ಮತ್ತೆ ಎದ್ದವು. ಇಡೀ ಬೆಟ್ಟ ಹೋದ ಮೇಲೆ ಅಷ್ಟು ಸಿಕ್ಕಿದ್ದೂ ದೊಡ್ಡದೇ.

ಹೆದರಿಸುವ ಕಥೆಯೂ ಇದೆ. ಆಸ್ಟ್ರೇಲಿಯದಲ್ಲಿ ಪಾಪಾಸುಕಳ್ಳಿಯನ್ನು ತಿಂದು ಮುಗಿಸಿ ಹೆಸರು ಮಾಡಿದ ಒಂದು ಪತಂಗವನ್ನು 1957ರಲ್ಲಿ ಕೆರಿಬಿಯನ್‌ನ ನೆವಿಸ್ ದ್ವೀಪಕ್ಕೆ ತಂದರು. ಅಲ್ಲಿಯೂ ಅದು ಹೇಳಿದ ಕೆಲಸ ಮಾಡಿತು. ಆಮೇಲೆ ದ್ವೀಪದಿಂದ ದ್ವೀಪಕ್ಕೆ ದಾಟಿ 1989ರಲ್ಲಿ ಫ್ಲಾರಿಡಾದಲ್ಲಿ ಸಿಕ್ಕಿತು. ಅಲ್ಲಿ ಅದು ತಿನ್ನುವುದು ಆ ನೆಲದ ಸ್ವಂತ ಕಳ್ಳಿಯನ್ನು. ಆಸ್ಟ್ರೇಲಿಯದಲ್ಲಿ ಸ್ವಂತ ಕಳ್ಳಿಯೇ ಇರಲಿಲ್ಲ, ಅದಕ್ಕೇ ಅಲ್ಲಿ ಅಪಾಯ ಇರಲಿಲ್ಲ. ಬಿಟ್ಟ ಹುಳುವನ್ನು ವಾಪಸ್ ಕರೆಯಲು ಬರುವುದಿಲ್ಲ.

ಇನ್ನೊಂದು ತೊಡಕು ಜನರದ್ದು. ಸ್ಟ್ರಾಬೆರಿ ಸೀಬೆಯ ಎಲೆಯಲ್ಲಿ ಗಂಟು ಮಾಡುವ ಒಂದು ಬ್ರೆಜಿಲ್ ಕೀಟವನ್ನು ಹವಾಯಿಯಲ್ಲಿ ಬಿಡುವ ಮಾತು ಬಂದಾಗ ಜನ ಎದುರು ನಿಂತರು. ಹಣ್ಣು ಅವರಿಗೆ ಇಷ್ಟ. ಆ ಕೀಟ ಮರವನ್ನು ಕೊಲ್ಲುವುದೂ ಇಲ್ಲ, ಬೆಳವಣಿಗೆಯನ್ನು, ಹಣ್ಣನ್ನು ಕಡಿಮೆ ಮಾಡುತ್ತದೆ ಅಷ್ಟೇ. ವರ್ಷಗಳ ವಾದದ ಮೇಲೆ 2012ರ ಹೊತ್ತಿಗೆ ಬಿಟ್ಟರು.

ಹಾಗಾದರೆ ಯಾರಿಗೆ ಇದು? ಕಳೆ ಇಡೀ ಬೆಟ್ಟ ಹಿಡಿದಿದ್ದರೆ, ಕೈಯಿಂದ ಮುಗಿಯದು ಎಂಬುದು ಖಚಿತವಾಗಿದ್ದರೆ, ಮತ್ತು ಕಳೆಯ ಹತ್ತಿರದ ನೆಂಟ ಗಿಡ ದ್ವೀಪದಲ್ಲಿ ಇಲ್ಲದಿದ್ದರೆ. ಇದು ಸರ್ಕಾರ, ಸಂಶೋಧನಾ ಸಂಸ್ಥೆಗಳ ಮಟ್ಟದ ತೀರ್ಮಾನ, ಪರೀಕ್ಷೆಗೇ ಹಲವು ವರ್ಷ ಬೇಕು. ಎರಡು ಎಕರೆ ಕಾಯುವವರು ಇದರ ಯೋಚನೆ ಬಿಟ್ಟುಬಿಡಿ.

ಮೇಯಿಸುವುದು, ಹಾಗೇ ಬಿಡುವುದು

ಆಡು ಬಿಟ್ಟರೆ ಕಳೆ ತಿನ್ನುತ್ತದೆ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ದ್ವೀಪದಲ್ಲಿ ಬೇಡವೇ ಬೇಡ. ಆಡು ಮೊದಲು ತಿನ್ನುವುದು ಮುಳ್ಳಿಲ್ಲದ, ವಿಷವಿಲ್ಲದ ಸ್ಥಳೀಯ ಗಿಡವನ್ನು. ಆದರೆ ಇರುವ ದನ, ಕುರಿಗಳನ್ನು ತೆಗೆಯುವ ಮುಂಚೆಯೂ ಯೋಚಿಸಿ. ಕ್ಯಾಲಿಫೋರ್ನಿಯದ ಸಾಂತಾ ಕ್ರೂಸ್ ದ್ವೀಪದಲ್ಲಿ 1980ರ ದಶಕದಲ್ಲಿ ಕುರಿ, ದನ ತೆಗೆದ ಮೇಲೆ ಅಷ್ಟು ದಿನ ತಲೆ ತಗ್ಗಿಸಿದ್ದ ಸೋಂಪಿನ ಗಿಡ ಆಳೆತ್ತರ ಎದ್ದು ಬಯಲನ್ನೆಲ್ಲ ಮುಚ್ಚಿತು. ಮೇಯುವ ಪ್ರಾಣಿ ಬೇಕೇ ಬೇಕು ಎಂದರೆ ಮಾರಿಷಸ್‌ನವರ ದಾರಿ ನೋಡಿ. ರೌಂಡ್ ದ್ವೀಪದಿಂದ ಆಡು, ಮೊಲ ತೆಗೆದು, 2007ರಿಂದ ಹಿಂದೂ ಮಹಾಸಾಗರದ ಅಲ್ದಾಬ್ರ ದ್ವೀಪದ ದೈತ್ಯ ಆಮೆಗಳನ್ನು ತಂದು ಬಿಟ್ಟರು. ಅಲ್ಲಿ ಹಿಂದೆ ಇದ್ದು ಅಳಿದುಹೋದ ಆಮೆಗಳ ಕೆಲಸವನ್ನು ಇವು ಮಾಡುತ್ತವೆ. ಅಲ್ಲಿನ ಗಿಡಗಳು ಆಮೆಯ ಬಾಯಿಗೆ ಒಗ್ಗಿದವು, ಹೊರಗಿನ ಕಳೆಗಳು ಒಗ್ಗಿಲ್ಲ.

ಮುಟ್ಟದೆ ಬಿಡುವುದೂ ಒಂದು ಆಯ್ಕೆಯೇ. ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಗಳಿಗೆ ದಾಲ್ಚಿನ್ನಿ ಬಂದದ್ದು 1772ರಲ್ಲಿ. ಇವತ್ತು ಅಲ್ಲಿನ ಗುಡ್ಡಗಾಡಿನ ಮೇಲ್ಛಾವಣಿ ಬಹುಪಾಲು ಅದರದ್ದೇ. ಎಲ್ಲವನ್ನೂ ಕಡಿದರೆ ಬಿಸಿಲು ಬಿದ್ದು ಅದಕ್ಕಿಂತ ಕೆಟ್ಟ ಕಳೆಗಳು ನುಗ್ಗುತ್ತವೆ. ಸ್ಥಳೀಯ ಹಕ್ಕಿಗಳು ಅದರ ಹಣ್ಣು ತಿಂದೇ ಬದುಕುತ್ತಿವೆ. ಅಲ್ಲಿ ದಾಲ್ಚಿನ್ನಿ ನೆರಳಿನಲ್ಲೇ ಸ್ಥಳೀಯ ಸಸಿ ಬೆಳೆಸುವುದು ಜಾಣತನ. ಇದಕ್ಕೆ ಉಲ್ಟಾ ಪೆಸಿಫಿಕ್‌ನ ಪಲ್ಮೈರಾ ಎಂಬ ಹವಳದ್ವೀಪ. ಅಲ್ಲಿ ತೆಗೆಯಬೇಕಾಗಿರುವುದು ತೆಂಗನ್ನು! ಕಲ್ಪವೃಕ್ಷ ಎನ್ನುವ ನಮಗೆ ಕೇಳಲು ಕಷ್ಟ. ಆದರೆ ತೆಂಗು ತುಂಬಿದ ಕಡೆ ಕಡಲಹಕ್ಕಿಗಳು ಗೂಡು ಕಟ್ಟುವುದು ಕಡಿಮೆ. ಹಕ್ಕಿ ಇಲ್ಲದಿದ್ದರೆ ಹಿಕ್ಕೆ ಇಲ್ಲ, ಹಿಕ್ಕೆ ಇಲ್ಲದಿದ್ದರೆ ಮಣ್ಣಿಗೆ ಸಾರ ಇಲ್ಲ.

ಎಲ್ಲಿಂದ ಶುರು ಮಾಡಬೇಕು

ಎಲ್ಲರ ಕೈಯೂ ಮೊದಲು ಹೋಗುವುದು ಅತಿ ದಟ್ಟ ಪೊದೆಗೆ. ಕಾಡಿನ ಕಳೆ ಕೀಳುತ್ತಿದ್ದ ಸಿಡ್ನಿಯ ಬ್ರಾಡ್ಲಿ ಅಕ್ಕತಂಗಿಯರು ದಶಕಗಳ ಹಿಂದೆಯೇ ಇದನ್ನು ತಿರುಗಿಸಿದರು. ಅತಿ ಒಳ್ಳೆಯ ಸ್ಥಳೀಯ ಗಿಡಗಳು ಇರುವಲ್ಲಿ ಶುರು ಮಾಡಿ, ಅಲ್ಲಿಂದ ಕೆಟ್ಟ ಜಾಗದ ಕಡೆಗೆ ಸರಿಯಿರಿ ಎಂದರು. ಮಣ್ಣನ್ನು ಆದಷ್ಟು ಕದಡಬೇಡಿ. ಕಳೆ ತೆಗೆದ ಜಾಗವನ್ನು ಸ್ಥಳೀಯ ಗಿಡ ತುಂಬಿದ ಮೇಲೆ ಮಾತ್ರ ಮುಂದೆ ಹೋಗಿ. ಅವಸರ ಬೇಡ. ದಟ್ಟ ಪೊದೆಯ ನಡುವೆ ಶುರು ಮಾಡಿದರೆ ಸುತ್ತಲೂ ಬೀಜದ ಮಳೆ, ಖಾಲಿ ನೆಲ ನಿಮ್ಮದು. ಒಳ್ಳೆಯ ಕಾಡಿನ ಅಂಚಿನಲ್ಲಿ ಶುರು ಮಾಡಿದರೆ ಕಾಡೇ ನಿಮ್ಮ ಕೂಲಿಯಾಳು. ದಟ್ಟ ಪೊದೆಯಿಂದಲೇ ಶುರು ಮಾಡಬೇಕಾದದ್ದು ಒಂದೇ ಸಂದರ್ಭದಲ್ಲಿ. ಕಳೆ ಆಗ ತಾನೇ ದ್ವೀಪಕ್ಕೆ ಬಂದು ಒಂದೇ ಕಡೆ ಇದ್ದಾಗ.

ಆಸ್ಟ್ರೇಲಿಯದ ಲಾರ್ಡ್ ಹೋವ್ ದ್ವೀಪದಲ್ಲಿ 2004ರಿಂದ ಇಡೀ ದ್ವೀಪವನ್ನು ಚೌಕಗಳಾಗಿ ಹಂಚಿಕೊಂಡು, ಸಾಲು ಕಟ್ಟಿ ನಡೆದು ಹುಡುಕುತ್ತಿದ್ದಾರೆ. ತೆಗೆದ ಕಳೆಗಳ ಲೆಕ್ಕ 20 ಲಕ್ಷ ದಾಟಿದೆ. ಯಾವ ಚೌಕಕ್ಕೆ ಯಾವಾಗ ಹೋದೆವು, ಎಷ್ಟು ಸಸಿ, ಎಷ್ಟು ಬಲಿತದ್ದು ಎಂಬುದೆಲ್ಲ ದಾಖಲೆ. ಬಲಿತ ಗಿಡ ಸಿಗುವುದು ನಿಂತರೆ ಹೊಸ ಬೀಜ ಬೀಳುವುದು ನಿಂತಿತು ಎಂದರ್ಥ. ನಿಮ್ಮದು ಒಂದೇ ಎಕರೆ ಇದ್ದರೂ ಇಂಥದ್ದೊಂದು ದಾಖಲೆ ಪುಸ್ತಕ ಇಡಿ. ಗಿಡ ಹಣ್ಣಾಗಲು ಎರಡು ವರ್ಷ ಬೇಕಿದ್ದರೆ ನೀವು ಎರಡು ವರ್ಷದೊಳಗೆ ವಾಪಸ್ ಬರಲೇಬೇಕು. ಆ ತಾರೀಕನ್ನು ಮೊದಲ ದಿನವೇ ಬರೆಯಿರಿ. ಬರಲು ಆಗುವುದಿಲ್ಲ ಎನಿಸಿದರೆ ಅರ್ಧ ಜಾಗ ಮಾತ್ರ ತೆರೆಯಿರಿ.

ಲಾರ್ಡ್ ಹೋವ್‌ನಲ್ಲಿ ಕಾಲುದಾರಿಗಳು ಶುರುವಾಗುವಲ್ಲಿ ಬೂಟು ಉಜ್ಜುವ ಬ್ರಷ್ ಇಟ್ಟಿದ್ದಾರೆ. ಒಂದು ಕಣಿವೆಯಿಂದ ಇನ್ನೊಂದಕ್ಕೆ ಹೋಗುವಾಗ ನೀವೂ ಹಾಗೆಯೇ ಮಾಡಿ. ಬೂಟಿನ ತಳ, ಲೇಸು, ಸಾಕ್ಸ್ ಮಡಿಕೆ, ಪ್ಯಾಂಟಿನ ಜೇಬಿನ ಮೂಲೆ. ಮಚ್ಚಿನ ಹಿಡಿಗೆ ಮೆತ್ತಿದ ಕೆಸರನ್ನೂ ನೋಡಿ.